ಪ್ರೋಬ್ ಹಿಡಿಯೋಕೆ ಮುಂಚೆ ಪ್ರಶ್ನೆ: ವಾರ್ಡಲ್ಲಿ ಬೆಡ್‌ಸೈಡ್ ಅಲ್ಟ್ರಾಸೌಂಡ್ ಮಾಡೋದು ಹೇಗೆ

ಮಳೆಗಾಲದಲ್ಲಿ ಕೊಡಗಿನ ಯಾವ್ದೇ ತಾಲ್ಲೂಕು ಆಸ್ಪತ್ರೇಲಿ ನೈಟ್ ಡ್ಯೂಟಿ ಮಾಡೋ ಡಾಕ್ಟರ್ ತಲೇಲಿ ಓಡೋದು ಒಂದೇ ಲೆಕ್ಕ: ಈ ಪೇಶೆಂಟನ್ನ ಇಲ್ಲೇ ಇಟ್ಕೊಳ್ಳೋದಾ, ಈಗ್ಲೇ ಮಡಿಕೇರಿಗೋ ಮೈಸೂರಿಗೋ ಕಳ್ಸೋದಾ, ಕಳ್ಸಿದ್ರೆ ದಾರೀಲಿ ಏನಾಗುತ್ತೆ. ಮಡಿಕೇರಿಯಿಂದ ಮೈಸೂರಿಗೆ ಹತ್ರ ಹತ್ರ 120 ಕಿಲೋಮೀಟರ್, ಮಂಗಳೂರು ಕಡೆ ಹೋಗೋದಾದ್ರೆ ಸಂಪಾಜೆ ಘಾಟಿ ಇಳೀಬೇಕು, 2018ರ ಆಗಸ್ಟಲ್ಲಿ ಗುಡ್ಡ ಕುಸಿದು ಆ ರಸ್ತೆ ಬಂದ್ ಆಗಿದ್ದು ಇಲ್ಲಿ ಯಾರಿಗೂ ಮರ್ತಿಲ್ಲ. ರಾತ್ರಿ ಎಕ್ಸ್‌ರೇ ಟೆಕ್ನಿಷಿಯನ್ ಇರಲ್ಲ, ಸಿಟಿ ಸ್ಕ್ಯಾನ್ ಅಂತೂ ದೂರದ ಮಾತು, ಕರೆಂಟ್ ಹೋದ್ರೆ ಯಾವಾಗ ಬರುತ್ತೋ ಗೊತ್ತಿಲ್ಲ. ಅಂಥ ಹೊತ್ತಲ್ಲಿ ಬ್ಯಾಟ್ರೀಲಿ ನಡೆಯೋ ಒಂದು ಚಿಕ್ಕ ಅಲ್ಟ್ರಾಸೌಂಡ್ ಪೇಶೆಂಟ್ ಮಂಚದ ಪಕ್ಕಕ್ಕೇ ಬರುತ್ತೆ ಅನ್ನೋದು ದೊಡ್ಡ ವಿಷ್ಯ, ಆದ್ರೆ ಅದನ್ನ ಸರಿಯಾಗಿ ಬಳಸೋದು ಕಲೀದೆ ಹೋದ್ರೆ ಅದೇ ಮಿಷನ್ ನಮ್ಮನ್ನ ದಾರಿ ತಪ್ಸುತ್ತೆ. ಹೌಸ್ ಸರ್ಜನ್ಸಿ ಮುಗ್ಸಿ ಈ ಕಡೆ ಡ್ಯೂಟಿಗೆ ಬರೋ ತಮ್ಮ ತಂಗಿಯರಿಗೆ ಅಂತ ಇದನ್ನ ಬರೀತಿದ್ದೀನಿ.

ನಾನು ಹೇಳೋದ್ರಲ್ಲಿ ಒಂದೇ ಒಂದು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಬೆಡ್‌ಸೈಡ್ ಸ್ಕ್ಯಾನ್ ಅಂದ್ರೆ ರೇಡಿಯಾಲಜಿ ಸ್ಕ್ಯಾನಿನ ಮರಿ ಅಲ್ಲ, ಅದು ಬೇರೇನೇ ಕೆಲ್ಸ. ರೇಡಿಯಾಲಜಿಸ್ಟ್ ಇಡೀ ಹೊಟ್ಟೆ ನೋಡಿ ಏನೇನಿದೆ ಅಂತ ವರದಿ ಕೊಡ್ತಾರೆ, ನಾವು ಕೇಸ್ ಕೇಳಿ, ನಾಡಿ ಹಿಡ್ದು, ಸ್ಟೆತಸ್ಕೋಪ್ ಇಟ್ಟು, ಆಮೇಲೆ ಹೌದಾ ಅಲ್ವಾ ಅಂತ ಉತ್ತರ ಬರೋ ಒಂದು ಪ್ರಶ್ನೆ ಕೇಳ್ತೀವಿ. ಎದೆಗೂಡಲ್ಲಿ ನೀರಿದೆಯಾ? ಹಾರ್ಟ್ ಸುತ್ತ ನೀರಿದೆಯಾ? ಹಾರ್ಟ್ ಪಂಪ್ ಚೆನ್ನಾಗಿ ಹೊಡೀತಿದೆಯಾ? ಹೊಟ್ಟೇಲಿ ರಕ್ತ ನಿಂತಿದೆಯಾ? ಕಾಲಿನ ವೇನಲ್ಲಿ (ಹಾರ್ಟಿಗೆ ರಕ್ತ ವಾಪಸ್ ತರೋ ನಾಳ) ಕ್ಲಾಟ್, ಅಂದ್ರೆ ಹೆಪ್ಪುಗಟ್ಟಿದ ರಕ್ತ, ಇದೆಯಾ? ಪ್ರಶ್ನೆ ಇಲ್ದೆ ಪ್ರೋಬ್ (ಮೈಮೇಲೆ ಇಟ್ಟು ಶಬ್ದದ ಅಲೆ ಕಳ್ಸೋ ಹಿಡಿ) ಇಟ್ರೆ ಸ್ಕ್ರೀನಲ್ಲಿ ಏನೋ ಒಂದು ಕಾಣುತ್ತೆ, ಆ ಏನೋ ಒಂದರ ಹಿಂದೆ ಹೋಗಿ ಅರ್ಧ ಗಂಟೆ ಕಳ್ಕೊಂಡು, ಪೇಶೆಂಟ್ ಅಲ್ಲೇ ಏದುಸಿರು ಬಿಡ್ತಾ ಇರ್ತಾರೆ. ಹಾಗಾಗಿ ಪ್ರೋಬ್ ಮುಟ್ಟೋಕೆ ಮುಂಚೆ ಪಕ್ಕದಲ್ಲಿರೋ ಸಿಸ್ಟರ್‌ಗೆ ಕೇಳೋ ಹಾಗೆ ಪ್ರಶ್ನೇನ ಬಾಯ್ಬಿಟ್ಟು ಹೇಳಿ, ಉತ್ತರ ಹೌದು ಬಂದ್ರೆ ಏನ್ ಮಾಡ್ತೀನಿ ಅಲ್ಲ ಬಂದ್ರೆ ಏನ್ ಮಾಡ್ತೀನಿ ಅಂತಾನೂ ಹೇಳಿ. ಎರಡಕ್ಕೂ ಮಾಡೋದು ಒಂದೇ ಆಗಿದ್ರೆ ಆ ಹೊತ್ತಲ್ಲಿ ಸ್ಕ್ಯಾನ್ ಬೇಡ, ಮೊದ್ಲು ಟ್ರೀಟ್‌ಮೆಂಟ್ ಶುರು ಮಾಡಿ.

ಮಿಷನ್ ಕೈಗೆ ಬರೋಕೆ ಮುಂಚೆ ಕಾನೂನು

ಇದನ್ನ ಕೊನೇಲಿ ಹೇಳೋ ವಿಷ್ಯ ಅಂತ ತುಂಬ ಜನ ಅಂದ್ಕೋತಾರೆ, ಅಲ್ಲ. ನಮ್ಮ ದೇಶದಲ್ಲಿ ಭ್ರೂಣಲಿಂಗ ಪತ್ತೆ ತಡೆಯೋ ಪಿಸಿಪಿಎನ್‌ಡಿಟಿ ಕಾಯ್ದೆ 1994ರಿಂದ ಇದೆ, ಫೋನಿಗೆ ಸಿಕ್ಕಿಸೋ ಪುಟ್ಟ ಪ್ರೋಬ್ ಆದ್ರೂ ಅದು ಈ ಕಾಯ್ದೆ ಕೆಳಗೇ ಬರುತ್ತೆ. 2012ರಲ್ಲಿ ನಿಯಮಕ್ಕೆ ಸೇರ್ಸಿದ ಪ್ರಕಾರ ಪೋರ್ಟಬಲ್ ಮಿಷನ್ನನ್ನ ಎರಡೇ ಥರ ಬಳಸ್ಬೋದು: ಅದು ಯಾವ ಆಸ್ಪತ್ರೆ ಹೆಸರಲ್ಲಿ ರಿಜಿಸ್ಟರ್ ಆಗಿದ್ಯೋ ಆ ಕಟ್ಟಡದ ಒಳಗೆ, ಅಡ್ಮಿಟ್ ಆಗಿರೋ ಪೇಶೆಂಟ್‌ಗಳಿಗೆ; ಇಲ್ಲಾಂದ್ರೆ ಬೇರೆ ಆರೋಗ್ಯ ಸೇವೆಗಳನ್ನೂ ಕೊಡೋ ಮೊಬೈಲ್ ಮೆಡಿಕಲ್ ಯೂನಿಟ್ ಭಾಗವಾಗಿ. ಅಂದ್ರೆ ಆನ್‌ಲೈನಲ್ಲಿ ಒಂದು ತರ್ಸ್ಕೊಂಡು ಕಾರಲ್ಲಿ ಇಟ್ಕೊಂಡು ಎಸ್ಟೇಟ್ ಕೂಲಿಯವ್ರ ಲೈನ್ ಮನೆಗಳಿಗೆ ಹೋಗಿ ನೋಡ್ಬರ್ತೀನಿ ಅನ್ನೋದು, ಮನಸ್ಸು ಎಷ್ಟೇ ಒಳ್ಳೇದಿದ್ರೂ, ಅಪರಾಧ. ಮಿಷನ್ನು, ಅದನ್ನ ಬಳಸೋ ಡಾಕ್ಟರ ಹೆಸರು ಎರಡೂ ಈ ಕಾಯ್ದೆ ಜಾರಿ ಮಾಡೋ ಜಿಲ್ಲಾ ಸಕ್ಷಮ ಪ್ರಾಧಿಕಾರದ ದಾಖಲೇಲಿ ಇರ್ಬೇಕು, ಗರ್ಭಿಣಿಗೆ ಸ್ಕ್ಯಾನ್ ಮಾಡಿದ್ರೆ ಫಾರ್ಮ್ ಎಫ್ (ಆ ಸ್ಕ್ಯಾನ್ ಯಾಕೆ ಮಾಡಿದ್ದು ಅಂತ ದಾಖಲಿಸೋ ನಮೂನೆ) ತುಂಬ್ಲೇಬೇಕು, ಉಸಿರಾಟಕ್ಕೆ ಅಂತ ಎದೆ ಮಾತ್ರ ನೋಡ್ತೀವಿ ಅಂದ್ರೂ ಮುಂಚೇನೇ ಆಡಳಿತದವ್ರ ಹತ್ರ ಕೇಳಿ ತಿಳ್ಕೊಳ್ಳಿ. ಈ ಕಾನೂನು ಇರೋದು ಹೆಣ್ಮಕ್ಕಳು ಹುಟ್ಟಲಿ ಅಂತ, ಅದನ್ನ ಕಿರಿಕಿರಿ ಅಂತ ನಾವು ನೋಡಬಾರ್ದು.

ಪ್ರೋಬು, ಜೆಲ್ಲು, ಕೈ

ಮೂರು ಥರ ಪ್ರೋಬ್ ಗೊತ್ತಿದ್ರೆ ಸಾಕು. ನೇರ ಮುಖದ್ದು ಲೀನಿಯರ್, ಫ್ರೀಕ್ವೆನ್ಸಿ ಜಾಸ್ತಿ, ಚಿತ್ರ ಸ್ಪಷ್ಟ ಆದ್ರೆ ಆಳಕ್ಕೆ ಹೋಗಲ್ಲ, ರಕ್ತನಾಳ, ಚರ್ಮದ ಕೆಳಗಿನ ಕೀವು, ಪ್ಲೂರಾ (ಲಂಗ್ಸ್ ಸುತ್ತಲಿನ ತೆಳು ಪೊರೆ) ನೋಡೋಕೆ ಇದು. ಬಾಗಿದ ಮುಖದ್ದು ಕರ್ವಿಲೀನಿಯರ್, 2ರಿಂದ 5 ಮೆಗಾಹರ್ಟ್ಸ್ ಆಸುಪಾಸು, ಹೊಟ್ಟೆಗೂ ಲಂಗ್ಸಿಗೂ. ಚಿಕ್ಕ ಚೌಕ ಮುಖದ್ದು ಫೇಸ್ಡ್ ಅರೇ, ಪಕ್ಕೆಲುಬಿನ ಮಧ್ಯೆ ತೂರಿಸಿ ಹಾರ್ಟ್ ನೋಡೋಕೆ. ಈಗ ಬರೋ ಕೆಲವು ಹ್ಯಾಂಡ್‌ಹೆಲ್ಡ್ ಮಿಷನ್‌ಗಳಲ್ಲಿ ಒಂದೇ ಪ್ರೋಬ್ ಮೂರೂ ಕೆಲ್ಸ ಮಾಡುತ್ತೆ, ಪ್ರೀಸೆಟ್ (ಯಾವ ಅಂಗ ನೋಡ್ತೀವೋ ಅದಕ್ಕೆ ಮಿಷನ್ನಲ್ಲಿ ಮೊದ್ಲೇ ಇರೋ ಸೆಟ್ಟಿಂಗ್) ಬದಲಾಯಿಸಿದ್ರಾಯ್ತು. ಒಂದೇ ಪ್ರೋಬ್ ಕೊಳ್ಳೋಕೆ ದುಡ್ಡಿರೋದು ಅಂದ್ರೆ ಕರ್ವಿಲೀನಿಯರ್ ತಗೊಳ್ಳಿ, ಅದ್ರಲ್ಲಿ ಹಾರ್ಟ್ ಕೂಡ ಪಕ್ಕೆಲುಬಿನ ಕೆಳಗಿಂದ ಒಂದು ಮಟ್ಟಿಗೆ ಕಾಣುತ್ತೆ.

ಪ್ರೋಬ್ ಮೇಲೆ ಒಂದು ಗುರುತು ಇರುತ್ತೆ, ಗೀರೋ ಚುಕ್ಕೆಯೋ. ಹೊಟ್ಟೆ ಮತ್ತು ಲಂಗ್ಸ್ ನೋಡುವಾಗ ಆ ಗುರುತು ಪೇಶೆಂಟ್ ತಲೆ ಕಡೆಗೆ ಅಥ್ವಾ ಬಲಗಡೆಗೆ, ಆಗ ಸ್ಕ್ರೀನಿನ ಎಡಗಡೆ ಅಂದ್ರೆ ತಲೆ ಅಥ್ವಾ ಬಲಭಾಗ. ಕಾರ್ಡಿಯಾಕ್ ಪ್ರೀಸೆಟ್ ಹಾಕಿದ ಕೂಡ್ಲೇ ಸ್ಕ್ರೀನ್ ಮೇಲಿನ ಗುರುತು ಬಲಗಡೆಗೆ ಹೋಗುತ್ತೆ, ಇದನ್ನ ಗಮನಿಸದೇ ಇದ್ರೆ ಎಡ ಬಲ ಅದಲು ಬದಲಾಗಿ ತಲೆ ಕೆಡುತ್ತೆ. ಆಮೇಲೆ ಡೆಪ್ತ್, ಅಂದ್ರೆ ಎಷ್ಟು ಆಳದವರ್ಗೂ ತೋರಿಸ್ಬೇಕು ಅನ್ನೋದು, ಮೊದ್ಲು ಜಾಸ್ತಿ ಇಟ್ಟು ಎಲ್ಲಿದ್ದೀವಿ ಅಂತ ಗುರುತು ಹಿಡ್ದು ಆಮೇಲೆ ಕಮ್ಮಿ ಮಾಡಿ. ಗೇನ್ (ಚಿತ್ರದ ಬೆಳಕು) ಜಾಸ್ತಿ ಮಾಡಿ ಸ್ಕ್ರೀನೆಲ್ಲಾ ಬೆಳ್ಳಗೆ ಮಾಡ್ಕೋಬೇಡಿ, ನೀರು ಕಪ್ಪಾಗೇ ಕಾಣ್ಬೇಕು. ಕೈಯ ಕಿರುಬೆರಳು ಪೇಶೆಂಟ್ ಮೈಗೆ ತಾಗಿರ್ಲಿ, ಇಲ್ಲಾಂದ್ರೆ ಪ್ರೋಬ್ ಜಾರ್ತಾನೇ ಇರುತ್ತೆ.

ಜುಲೈ ತಿಂಗಳಲ್ಲಿ ಜೆಲ್ ಐಸ್ ಥರ ಇರುತ್ತೆ, ಜ್ವರದಲ್ಲಿ ನಡುಗ್ತಾ ಇರೋರ ಎದೆ ಮೇಲೆ ಏಕಾಏಕಿ ಹಾಕಿದ್ರೆ ಬೆಚ್ಚಿಬೀಳ್ತಾರೆ. "ಅಜ್ಜಿ, ತಣ್ಣಗಿರುತ್ತೆ, ಸ್ವಲ್ಪ ತಡ್ಕೊಳ್ಳಿ" ಅಂತ ಹೇಳಿ, ನಿಮ್ಮ ಅಂಗೈಲಿ ಒಂದು ಗಳಿಗೆ ಇಟ್ಕೊಂಡು ಹಾಕಿ. ಬಾಟ್ಲೀನ ಬಿಸಿ ನೀರಲ್ಲಿ ಮುಳುಗಿಸಿ ಇಡೋ ಅಭ್ಯಾಸ ಬೇಡ, ಬೆಚ್ಚಗಿನ ಒದ್ದೆ ಬಾಟ್ಲಿ ಸೋಂಕಿಗೆ ಒಳ್ಳೇ ಜಾಗ. ಬಾಟ್ಲಿ ತುದಿ ಮೈಗೆ ತಾಗಿಸಬಾರ್ದು. ಗಾಯ ಇರೋ ಜಾಗಕ್ಕೆ, ಸೂಜಿ ಹಾಕೋ ಜಾಗಕ್ಕೆ ಸ್ಟೆರೈಲ್ ಜೆಲ್ಲೇ ಆಗ್ಬೇಕು. ಮುಗಿದ ಮೇಲೆ ಜೆಲ್ ಪೂರ್ತಿ ಒರೆಸಿ ಆಮೇಲೆ ಕಂಪನಿ ಹೇಳಿರೋ ವೈಪ್ ಬಳಸಿ, ಯಾವ ಪ್ರೋಬಿಗೆ ಸ್ಪಿರಿಟ್ ಆಗುತ್ತೆ ಯಾವುದಕ್ಕೆ ಆಗಲ್ಲ ಅಂತ ಅವ್ರ ಪುಸ್ತಕದಲ್ಲೇ ಬರ್ದಿರುತ್ತೆ, ಸುಮ್ನೆ ಕೈಗೆ ಸಿಕ್ಕಿದ ಸ್ಪಿರಿಟ್ ಹಚ್ಚಿದ್ರೆ ಮುಂದಿನ ರಬ್ಬರ್ ಹಾಳಾಗ್ಬೋದು. ಒಬ್ಬ ಪೇಶೆಂಟಿಂದ ಇನ್ನೊಬ್ರಿಗೆ ಹೋಗೋ ಮಧ್ಯೆ ಒರೆಸದೇ ಇರೋದು ಮಾತ್ರ ಯಾವ ತುರ್ತಲ್ಲೂ ಒಪ್ಪೋ ಮಾತಲ್ಲ.

ಉಸಿರು ಕಟ್ಟಿ ಬಂದೋರು: ಲಂಗ್ಸ್

ಇಲ್ಲೇ ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ವಾರ್ಡಲ್ಲಿ ಈ ಮಿಷನ್ ಅತಿ ಹೆಚ್ಚು ಉಪಯೋಗಕ್ಕೆ ಬರೋದು ಇಲ್ಲೇ, ಕಲಿಯೋದೂ ಇದೇ ಸುಲಭ. ಗಾಳಿ ಇದ್ರೆ ಅಲ್ಟ್ರಾಸೌಂಡ್ ಹೋಗಲ್ಲ, ಲಂಗ್ಸ್ ತುಂಬ ಗಾಳಿ, ಆದ್ರಿಂದ ಲಂಗ್ಸ್ ನೋಡೋಕಾಗಲ್ಲ ಅಂತ ಬಹಳ ವರ್ಷ ಎಲ್ರೂ ನಂಬಿದ್ರು. ಫ್ರಾನ್ಸಿನ ಡಾಕ್ಟರ್ ಲಿಕ್ಟೆನ್‌ಸ್ಟೈನ್ ಮತ್ತೆ ಮೆಝಿಯೇರ್ 2008ರಲ್ಲಿ ಬ್ಲೂ ಪ್ರೊಟೊಕಾಲ್ ಅಂತ ಪ್ರಕಟಿಸಿದ್ರು, ಐಸಿಯುಗೆ ಉಸಿರಾಟದ ತೊಂದರೆಯಿಂದ ಬಂದ 260 ಜನರಲ್ಲಿ ಲಂಗ್ಸ್ ಮತ್ತು ಕಾಲಿನ ವೇನ್ ಸ್ಕ್ಯಾನ್ ಮಾಡಿಯೇ 90.5 ಶೇಕಡಾದಲ್ಲಿ ಸರಿಯಾದ ಕಾರಣ ಹೇಳೋಕಾಯ್ತು ಅಂತ. ಅವ್ರು ನೋಡಿದ್ದು ಲಂಗ್ಸನ್ನೇ ಅಲ್ಲ, ಗಾಳಿ ಮತ್ತು ನೀರು ಸೇರಿ ಸ್ಕ್ರೀನಲ್ಲಿ ಮೂಡಿಸೋ ನೆರಳು ಗೆರೆಗಳನ್ನ.

ಮಾಡೋದು ಹೀಗೆ. ಪ್ರೋಬನ್ನ ಎದೆ ಮುಂಭಾಗದಲ್ಲಿ ಉದ್ದುದ್ದ ಇಡಿ, ಗುರುತು ತಲೆ ಕಡೆಗೆ. ಸ್ಕ್ರೀನಲ್ಲಿ ಎರಡು ಪಕ್ಕೆಲುಬು, ಅವುಗಳ ಕೆಳಗೆ ಕಪ್ಪು ನೆರಳು, ಎರಡರ ಮಧ್ಯೆ ಪಕ್ಕೆಲುಬಿನ ಮೇಲ್ಮೈಯಿಂದ ಸುಮಾರು ಅರ್ಧ ಸೆಂಟಿಮೀಟರ್ ಕೆಳಗೆ ಒಂದು ಹೊಳೆಯೋ ಬಿಳಿ ಗೆರೆ, ಅದೇ ಪ್ಲೂರಲ್ ಲೈನ್. ಈ ಗೆರೆ ಸಿಗೋವರ್ಗೂ ಮುಂದೆ ಹೋಗಬೇಡಿ. ಸಿಕ್ಕ ಮೇಲೆ ಡೆಪ್ತ್ ಕಮ್ಮಿ ಮಾಡಿ ಕೈ ಅಲುಗಿಸದೇ ಎರಡು ಮೂರು ಉಸಿರು ಪೂರ್ತಿ ನೋಡಿ. ಗೆರೆ ಉಸಿರಿಗೆ ತಕ್ಕಂತೆ ಆ ಕಡೆ ಈ ಕಡೆ ಸರೀತಾ ಮಿಣುಮಿಣುಕು ಅನ್ಬೇಕು, ಅದೇ ಸ್ಲೈಡಿಂಗ್. ಸ್ಲೈಡಿಂಗ್ ಇದ್ರೆ ಪ್ರೋಬ್ ಇಟ್ಟಿರೋ ಆ ಜಾಗದಲ್ಲಿ ನ್ಯೂಮೋಥೊರಾಕ್ಸ್ (ಲಂಗ್ಸಿಗೂ ಎದೆಗೋಡೆಗೂ ಮಧ್ಯೆ ಗಾಳಿ ಸೇರ್ಕೊಳ್ಳೋದು) ಇಲ್ಲ. ಸ್ಲೈಡಿಂಗ್ ಇಲ್ಲ ಅಂದ ಮಾತ್ರಕ್ಕೆ ನ್ಯೂಮೋಥೊರಾಕ್ಸ್ ಇದೆ ಅಂತ ಅಲ್ಲ, ಇದನ್ನ ದಯವಿಟ್ಟು ಗಟ್ಟಿಯಾಗಿ ನೆನಪಿಟ್ಕೊಳ್ಳಿ. ಹಳೇ ಟಿಬಿಯಿಂದ ಪ್ಲೂರಾ ಅಂಟ್ಕೊಂಡಿರ್ಬೋದು, ದೊಡ್ಡ ಬುಲ್ಲಾ (ಲಂಗ್ಸೊಳಗಿನ ಗಾಳಿ ಗುಳ್ಳೆ) ಇರ್ಬೋದು, ಉಸಿರಾಟದ ಟ್ಯೂಬ್ ಹಾಕಿದ್ದು ಬಲಗಡೆ ಗಾಳಿ ನಾಳ ಬ್ರಾಂಕಸ್‌ಗೆ ಹೋಗಿ ಎಡಗಡೆ ಗಾಳಿ ಆಡದೇ ಇರ್ಬೋದು. ಪ್ರೋಬನ್ನ ಪಕ್ಕಕ್ಕೆ ಸರಿಸ್ತಾ ಹೋಗಿ, ಒಂದೇ ಜಾಗದಲ್ಲಿ ಸ್ಲೈಡಿಂಗ್ ಬಂದು ಹೋಗಿ ಮಾಡೋ ಅಂಚು ಸಿಕ್ಕಿದ್ರೆ ಅದು ಲಂಗ್ ಪಾಯಿಂಟ್, ಆಗ ಧೈರ್ಯವಾಗಿ ನ್ಯೂಮೋಥೊರಾಕ್ಸ್ ಅನ್ಬೋದು. ಪೇಶೆಂಟ್ ಬಿಪಿ ಬೀಳ್ತಿದ್ದು, ಒಂದು ಕಡೆ ಉಸಿರೇ ಕೇಳ್ತಿಲ್ಲ ಅಂದ್ರೆ ಲಂಗ್ ಪಾಯಿಂಟ್ ಹುಡುಕ್ತಾ ಕೂರಬೇಡಿ, ಮೊದ್ಲು ಸೂಜಿ ಚುಚ್ಚಿ ಆ ಗಾಳಿ ಹೊರಗೆ ಬಿಡಿ.

ಆಮೇಲೆ ಡೆಪ್ತನ್ನ 15 ಸೆಂಟಿಮೀಟರ್ ಆಸುಪಾಸಿಗೆ ಏರ್ಸಿ. ಪ್ಲೂರಲ್ ಗೆರೆ ಕೆಳಗೆ ಅಷ್ಟಷ್ಟೇ ದೂರದಲ್ಲಿ ಅಡ್ಡಡ್ಡ ಗೆರೆಗಳು ಬಂದ್ರೆ ಎ ಲೈನ್, ಒಳಗೆ ಗಾಳಿ ಇದೆ ಅಂತ. ಪ್ಲೂರಾದಿಂದ ಶುರುವಾಗಿ ಸ್ಕ್ರೀನಿನ ತಳದವರ್ಗೂ ಮಾಸದೇ ಇಳಿಯೋ, ಉಸಿರಿನ ಜೊತೆ ಓಲಾಡೋ, ಎ ಲೈನುಗಳನ್ನ ಅಳಿಸಿಹಾಕೋ ಬೆಳಕಿನ ಕಂಬ ಬಂದ್ರೆ ಬಿ ಲೈನ್, ಮಡಿಕೇರಿ ಮಂಜಲ್ಲಿ ಗಾಡಿ ಹೆಡ್‌ಲೈಟ್ ಬಿಟ್ಟಂಗೆ ಕಾಣುತ್ತೆ. ಒಂದು ಸಂದಿಯಲ್ಲಿ ಮೂರು ಅಥ್ವಾ ಜಾಸ್ತಿ ಇದ್ರೆ ಲೆಕ್ಕಕ್ಕೆ ತಗೊಳ್ಳಿ, ಎರಡೂ ಕಡೆ, ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಇದ್ರೆ ಲಂಗ್ಸ್ ಒದ್ದೆಯಾಗಿದೆ ಅಂತ. ವಯಸ್ಸಾದೋರಿಗೆ ಕೆಳಭಾಗದಲ್ಲಿ ಒಂದೆರಡು ಇದ್ರೆ ಗಾಬರಿ ಬೇಡ.

ಒಂದು ಕೇಸ್ ಹೇಳ್ತೀನಿ. ಲೈನ್ ಮನೆಯಿಂದ ರಾತ್ರಿ ಬಂದ ಒಬ್ರು ಹಿರಿಯರು, ಬೀಡಿ ಸೇದೋರು, ಎದೆ ತುಂಬ ಸುಯ್ ಸುಯ್ ಶಬ್ದ, ಜೊತೆಗೆ ಬಂದೋರು "ಡಾಕ್ಟ್ರೇ, ಇವ್ರಿಗೆ ಮೊದ್ಲಿಂದ್ಲೂ ಗೂರಲು, ಗ್ಯಾಸ್ ಕೊಡಿ ಸಾಕು" ಅಂತಿದ್ರು. ಹಳೇ ಚೀಟೀಲೂ ಸಿಒಪಿಡಿ (ಗಾಳಿ ನಾಳ ಕಿರಿದಾಗೋ ದೀರ್ಘಕಾಲದ ಲಂಗ್ಸ್ ಕಾಯಿಲೆ) ಅಂತಾನೇ. ಔಷಧಿ ಆವಿ ಕೊಡೋ ನೆಬ್ಯುಲೈಸರ್ ಓಡ್ತಾ ಇರೋವಾಗ್ಲೇ ಕೂತಲ್ಲೇ ಎದೆ ಮುಂದೆ ಪ್ರೋಬ್ ಇಟ್ಟೆ. ಬರೀ ಸಿಒಪಿಡಿ ಆಗಿದ್ರೆ ಎ ಲೈನ್, ಒಳ್ಳೇ ಸ್ಲೈಡಿಂಗ್ ಕಾಣ್ಬೇಕಿತ್ತು, ಕಂಡಿದ್ದು ಎರಡೂ ಕಡೆ ಮೇಲಿಂದ ಕೆಳಗಿನವರ್ಗೂ ಬಿ ಲೈನ್, ಪ್ಲೂರಾ ನುಣ್ಣಗೆ ತೆಳ್ಳಗೆ. ಪಕ್ಕೆಲುಬಿನ ಕೆಳಗಿಂದ ಹಾರ್ಟ್ ನೋಡಿದ್ರೆ ಪಂಪ್ ಅಲುಗ್ತಾನೇ ಇಲ್ಲ ಅನ್ನೋ ಹಾಗೆ. ಅದು ಹಾರ್ಟ್ ಫೇಲ್ಯೂರ್. ಟ್ರೀಟ್‌ಮೆಂಟ್ ದಾರಿ ಅಲ್ಲೇ ಬದಲಾಯ್ತು, ಮೂತ್ರ ಹೋಗೋ ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಾಕಿ, ಬೆಳಿಗ್ಗೆ ಹೊತ್ತಿಗೆ ಮಾತಾಡೋ ಹಾಗಾದ್ರು, ಹಗಲು ಬೆಳಕಲ್ಲಿ ಕಾರ್ಡಿಯಾಲಜಿಗೆ ಕಳ್ಸಿದ್ವಿ. ಒಲೆ ಹೊಗೆ, ಬೀಡಿ ಹೊಗೆ ಕುಡಿದ ಎದೆಗಳಲ್ಲಿ ಎರಡೂ ಕಾಯಿಲೆ ಒಟ್ಟಿಗೇ ಇರ್ತವೆ, ಸ್ಟೆತಸ್ಕೋಪಿಗೆ ಎರಡೂ ಒಂದೇ ಥರ ಕೇಳುತ್ತೆ, ಅದಕ್ಕೇ ನಾನು ಉಸಿರು ಕಟ್ಟಿದ ಪ್ರತಿಯೊಬ್ರಿಗೂ ಲಂಗ್ಸ್ ನೋಡೋದು.

ಆದ್ರೆ ಬಿ ಲೈನ್ ಅಂದ್ರೆ ಹಾರ್ಟ್ ಅಂತ ಮಾತ್ರ ಅಲ್ಲ. ಪ್ಲೂರಾ ಒರಟಾಗಿದ್ದು, ಅಲ್ಲಲ್ಲಿ ಚೆನ್ನಾಗಿರೋ ಜಾಗ ಬಿಟ್ಟು ಬಿಟ್ಟು ಬಿ ಲೈನ್ ಇದ್ರೆ ನ್ಯುಮೋನಿಯಾ, ಎಆರ್‌ಡಿಎಸ್ (ಉರಿಯೂತದಿಂದ ಲಂಗ್ಸಲ್ಲಿ ನೀರು ತುಂಬಿ ಉಸಿರು ಸೋಲೋದು) ಕಡೆ ಯೋಚ್ನೆ ಮಾಡಿ. ಗದ್ದೆ ಕೆಲ್ಸ ಮಾಡೋರು, ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಹಳದಿ, ಜೊತೆಗೆ ಉಸಿರಾಟ ಜೋರು, ಹೊಸದಾಗಿ ಬಿ ಲೈನ್ ಅಂದ್ರೆ ಇಲಿ ಜ್ವರದಲ್ಲಿ ಲಂಗ್ಸ್ ಒಳಗೆ ರಕ್ತ ಜಿನುಗ್ತಾ ಇರ್ಬೋದು, ಅಂಥೋರನ್ನ ಕಾಯಬಾರ್ದು, ದಾರಿ ತೆರೆದಿರೋವಾಗ್ಲೇ ವೆಂಟಿಲೇಟರ್ ಇರೋ ಕಡೆಗೆ ಕಳ್ಸಿ.

ನೀರು ನೋಡೋಕೆ ಪ್ರೋಬನ್ನ ಪಕ್ಕೆ ಹಿಂಭಾಗಕ್ಕೆ ತಗೊಂಡು ಹೋಗಿ, ಮೊದ್ಲು ಲಿವರ್ ಅಥ್ವಾ ಸ್ಪ್ಲೀನ್ (ಗುಲ್ಮ), ಅದರ ಮೇಲೆ ಡಯಾಫ್ರಮ್ (ಎದೆ ಹೊಟ್ಟೆ ಬೇರ್ಪಡಿಸೋ ಮಾಂಸದ ಪರದೆ) ಹುಡುಕಿ. ಡಯಾಫ್ರಮ್ ಮೇಲೆ ಕಪ್ಪಾಗಿದ್ರೆ ನೀರು. ಬೆನ್ನುಮೂಳೆ ಗೆರೆ ಸಾಮಾನ್ಯವಾಗಿ ಡಯಾಫ್ರಮ್ ಹತ್ರ ನಿಂತುಹೋಗುತ್ತೆ, ಯಾಕಂದ್ರೆ ಮೇಲೆ ಗಾಳಿ, ಅದು ಮೇಲಕ್ಕೂ ಮುಂದುವರೆದ್ರೆ ಅಲ್ಲಿ ನೀರೋ ಗಟ್ಟಿಯಾದ ಲಂಗ್ಸೋ ಇದೆ ಅಂತ ಅರ್ಥ. ನ್ಯುಮೋನಿಯಾದಲ್ಲಿ ಲಂಗ್ಸೇ ಲಿವರ್ ಥರ ಕಾಣುತ್ತೆ, ಒಳಗೆ ಉಸಿರಿನ ಜೊತೆ ಓಡಾಡೋ ಬಿಳಿ ಚುಕ್ಕೆ ಗೆರೆಗಳು. ನೀರು ತೆಗೆಯೋದಾದ್ರೆ ಪೇಶೆಂಟ್ ಯಾವ ಭಂಗೀಲಿ ಕೂತಿರ್ತಾರೋ ಅದೇ ಭಂಗೀಲಿ ಗುರುತು ಹಾಕಿ, ಗುರುತು ಹಾಕಿ ಮಲಗಿಸಿ ಆಮೇಲೆ ಸೂಜಿ ಹಾಕೋದು ಅಪಾಯ, ನೀರು ಜಾಗ ಬದಲಾಯಿಸುತ್ತೆ. ಪೂರ್ತಿ ಉಸಿರು ಎಳ್ಕೊಂಡಾಗ ಲಂಗ್ಸ್ ಎಲ್ಲಿವರ್ಗೂ ಬರುತ್ತೆ ನೋಡಿ, ಪಕ್ಕೆಲುಬಿನ ಮೇಲಂಚಿಗೆ ಒತ್ಕೊಂಡು ಸೂಜಿ.

ಹಾರ್ಟ್

ಎಕೋ, ಅಂದ್ರೆ ಹಾರ್ಟಿನ ಪೂರ್ತಿ ಸ್ಕ್ಯಾನ್, ಮಾಡ್ತೀನಿ ಅಂತ ಹೊರಡಬೇಡಿ. ಕೇಳೋದು ಮೂರು: ಪಂಪ್ ಹೇಗಿದೆ, ಸುತ್ತ ನೀರಿದೆಯಾ, ಬಲಗಡೆ ಉಬ್ಬಿದೆಯಾ. ಎದೆಮೂಳೆ ಎಡ ಅಂಚಲ್ಲಿ ಮೂರನೇ ನಾಲ್ಕನೇ ಸಂದಿ, ಗುರುತು ಬಲ ಭುಜದ ಕಡೆ, ಪೇಶೆಂಟ್ ಎಡ ಮಗ್ಗುಲಾದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ. ಹಾರ್ಟಿನ ಎಡಗಡೆ ಇರೋ ಮೈಟ್ರಲ್ ವಾಲ್ವಿನ ಮುಂದಿನ ಎಲೆ ತೆರೆದಾಗ ಸೆಪ್ಟಮ್ (ಹಾರ್ಟಿನ ನಡುಗೋಡೆ) ಹತ್ರ ಹತ್ರ ಹೋಗಿ ಬಡೀಬೇಕು, ಮಧ್ಯದ ಅಂತರ 7 ಮಿಲಿಮೀಟರ್‌ಗಿಂತ ಜಾಸ್ತಿ ಇದ್ರೆ ಪಂಪ್ ಸೋತಿರೋ ಸಾಧ್ಯತೆ, ಆದ್ರೆ ಮೈಟ್ರಲ್ ಸ್ಟೆನೋಸಿಸ್ (ಆ ವಾಲ್ವ್ ಕಿರಿದಾಗಿರೋದು) ಇರೋರಿಗೆ ಈ ಲೆಕ್ಕ ಕೆಲ್ಸಕ್ಕೆ ಬರಲ್ಲ, ನಮ್ಮಲ್ಲಿ ಆ ವಾಲ್ವ್ ಹಾಳುಮಾಡೋ ರುಮ್ಯಾಟಿಕ್ ಹಾರ್ಟ್ ಕಾಯಿಲೆ ಇನ್ನೂ ಇದೆ. ಕಪ್ಪು ಪಟ್ಟಿ ಕಂಡ್ರೆ ಅದು ಹಾರ್ಟ್ ಸುತ್ತಲಿನ ನೀರೋ ಎದೆಗೂಡಿನ ನೀರೋ ಅಂತ ತಿಳಿಯೋಕೆ ಕೆಳಗೆ ಗುಂಡಗೆ ಕಾಣೋ ಡಿಸೆಂಡಿಂಗ್ ಅಯೋರ್ಟಾ (ಕೆಳಗಿಳಿಯೋ ಮಹಾ ರಕ್ತನಾಳ) ನೋಡಿ: ನೀರು ಅದರ ಮುಂದೆ ಹಾದು ಹೋದ್ರೆ ಪೆರಿಕಾರ್ಡಿಯಂ (ಹಾರ್ಟ್ ಸುತ್ತಲಿನ ಚೀಲ), ಹಿಂದೆ ಉಳಿದ್ರೆ ಪ್ಲೂರಾ. ಮುಂದೆ ಮಾತ್ರ ಕಾಣೋ ತೆಳು ಪಟ್ಟಿ ಬರೀ ಕೊಬ್ಬಿರ್ಬೋದು.

ಬಲ ವೆಂಟ್ರಿಕಲ್ (ಹಾರ್ಟಿನ ಕೆಳಗಿನ ಕೋಣೆ) ಎಡದ ಮೂರನೇ ಎರಡು ಭಾಗಕ್ಕಿಂತ ಚಿಕ್ಕದಿರ್ಬೇಕು. ಸಮಸಮ ಅಥ್ವಾ ದೊಡ್ಡದಾಗಿದ್ರೆ, ಉಸಿರಾಟ ಏಕಾಏಕಿ ಶುರುವಾಗಿದ್ರೆ, ಲಂಗ್ಸಲ್ಲಿ ಬರೀ ಎ ಲೈನ್ ಇದ್ರೆ ಪಲ್ಮನರಿ ಎಂಬಾಲಿಸಂ (ಲಂಗ್ಸಿನ ರಕ್ತನಾಳದಲ್ಲಿ ಕ್ಲಾಟ್ ಸಿಕ್ಕಿಕೊಳ್ಳೋದು) ಯೋಚ್ನೆ ಮಾಡಿ ಕೂಡ್ಲೇ ಕಾಲಿನ ವೇನ್ ನೋಡಿ. ಹಳೇ ಸಿಒಪಿಡಿಯವ್ರಿಗೆ ಬಲಗಡೆ ಮೊದ್ಲಿಂದ್ಲೇ ಉಬ್ಬಿರ್ಬೋದು, ಗೋಡೆ 5 ಮಿಲಿಮೀಟರ್‌ಗಿಂತ ದಪ್ಪ ಇದ್ರೆ ಇದು ಇವತ್ತಿನದ್ದಲ್ಲ ಅಂತ ಅಂದ್ಕೊಳ್ಳಿ.

ಐವಿಸಿ (ಮೈ ಕೆಳಭಾಗದ ರಕ್ತ ಹಾರ್ಟಿಗೆ ತರೋ ದೊಡ್ಡ ವೇನ್) ನೋಡಿ ಎಷ್ಟು ಡ್ರಿಪ್ ಕೊಡೋದು ಅಂತ ತೀರ್ಮಾನ ಮಾಡೋದ್ರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಬಲ ಏಟ್ರಿಯಮ್ಮಿಗೆ (ಹಾರ್ಟಿನ ಮೇಲಿನ ಕೋಣೆ) ಸೇರೋ ಜಾಗದಿಂದ ಎರಡು ಸೆಂಟಿಮೀಟರ್ ಹಿಂದೆ ಅಳೆದು, "ಅಣ್ಣ, ಮೂಗಿಂದ ಒಂದ್ಸಲ ಜೋರಾಗಿ ಸೆಳೀರಿ" ಅಂದಾಗ 2.1 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದು ಅರ್ಧಕ್ಕಿಂತ ಹೆಚ್ಚು ಕುಗ್ಗಿದ್ರೆ ಬಲ ಏಟ್ರಿಯಂ ಒತ್ತಡ ಕಮ್ಮಿ, ದೊಡ್ಡದಿದ್ದು ಕುಗ್ಗದೇ ಇದ್ರೆ ಜಾಸ್ತಿ, ಇದು ಸರಿ. ಆದ್ರೆ ಇಷ್ಟಕ್ಕೇ ಡ್ರಿಪ್ ಎಷ್ಟು ಬಾಟ್ಲಿ ಅಂತ ತೀರ್ಮಾನ ಮಾಡೋದು ತಪ್ಪು, ಆರೋಗ್ಯವಾಗಿರೋರ ಐವಿಸಿ ಕೂಡ ಚೆನ್ನಾಗಿ ಕುಗ್ಗುತ್ತೆ. ಲಂಗ್ಸ್, ಹಾರ್ಟ್, ಐವಿಸಿ, ಮೂತ್ರ ಎಷ್ಟು ಹೋಗ್ತಿದೆ, ಕೈಕಾಲು ಬೆಚ್ಚಗಿದೆಯಾ, ಎಲ್ಲ ಸೇರ್ಸಿ ನೋಡಿ.

ಬಿದ್ದು ಬಂದೋರು, ಜ್ವರದೋರು: ಹೊಟ್ಟೆ

ಮೆಣಸು ಕೊಯ್ಲು ಬಂತು ಅಂದ್ರೆ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಿಂದ ಬಿದ್ದೋರು ಬರ್ತಾರೆ, ಆನೆ ದಾಳಿಗೆ ಸಿಕ್ಕೋರೂ ಬರ್ತಾರೆ. ಪೆಟ್ಟು ಬಿದ್ದೋರಲ್ಲಿ ಒಳಗೆ ರಕ್ತ ಹುಡುಕೋ ಫಾಸ್ಟ್ ಸ್ಕ್ಯಾನ್ ಅಂದ್ರೆ ನಾಲ್ಕು ಜಾಗ: ಬಲಗಡೆ ಲಿವರ್ ಕಿಡ್ನಿ ಮಧ್ಯೆ, ಎಡಗಡೆ ಸ್ಪ್ಲೀನ್ ಸುತ್ತ, ಮೂತ್ರಕೋಶದ ಹಿಂದೆ, ಹಾರ್ಟ್ ಸುತ್ತ. ಜೊತೆಗೆ ಎದೆಯ ಎರಡೂ ಬದಿ ಸ್ಲೈಡಿಂಗ್ ನೋಡಿದ್ರೆ ಇ-ಫಾಸ್ಟ್. ಬಲಗಡೆಯಲ್ಲಿ ಲಿವರಿನ ಕೆಳ ತುದಿ ತನಕ ಪೂರ್ತಿ ನೋಡಿ, ರಕ್ತ ಮೊದ್ಲು ಕಾಣೋದು ಅಲ್ಲೇ. ಎಡಗಡೆ ಪ್ರೋಬ್ ಇನ್ನೂ ಮೇಲೆ, ಇನ್ನೂ ಹಿಂದೆ, ಬೆರಳ ಗೆಣ್ಣು ಹಾಸಿಗೆಗೆ ತಾಗೋ ಹಾಗೆ ಹಿಡೀಬೇಕು, ಸ್ಪ್ಲೀನಿಗೂ ಡಯಾಫ್ರಮ್ಮಿಗೂ ಮಧ್ಯೆ ನೋಡದೇ ಬಿಡಬೇಡಿ. ಕ್ಯಾಥಿಟರ್ (ಮೂತ್ರದ ಕೊಳವೆ) ಹಾಕೋಕೆ ಮುಂಚೇನೇ ಕೆಳಭಾಗ ನೋಡ್ಬಿಡಿ, ಮೂತ್ರಕೋಶ ತುಂಬಿದ್ರೆ ಚೆನ್ನಾಗಿ ಕಾಣುತ್ತೆ.

ಇಲ್ಲಿ ಮುಖ್ಯವಾದ್ದು: ಒಂದೆರಡು ನೂರು ಮಿಲಿಗಿಂತ ಕಮ್ಮಿ ರಕ್ತ ಇದ್ರೆ ಕಾಣದೇ ಹೋಗ್ಬೋದು, ಕರುಳು ತೂತಾಗಿದ್ರೆ, ಹೊಟ್ಟೆ ಹಿಂಭಾಗದಲ್ಲಿ ರಕ್ತ ಸೋರ್ತಿದ್ರೆ ಫಾಸ್ಟಲ್ಲಿ ಕಾಣಲ್ಲ. ನೆಗೆಟಿವ್ ಅಂತ ಬರೆದು ಮನೆಗೆ ಕಳ್ಸೋ ಪರೀಕ್ಷೆ ಇದಲ್ಲ. ನಾಡಿ ಏರ್ತಿದ್ರೆ, ಹೊಟ್ಟೆ ಬಿಗಿಯಾಗ್ತಿದ್ರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ, ಅನುಮಾನ ಹೋಗ್ದೇ ಇದ್ರೆ ಸ್ಕ್ಯಾನ್ ಏನೇ ಹೇಳ್ಲಿ ಸಿಟಿ ಸ್ಕ್ಯಾನ್ ಇರೋ ಕಡೆಗೆ ಕಳ್ಸಿ. ಪಾಸಿಟಿವ್ ಇದ್ದು ಬಿಪಿ ಇಲ್ಲ ಅಂದ್ರೆ ಸರ್ಜನ್ ಮತ್ತು ರಕ್ತ ಇರೋ ಹತ್ತಿರದ ಜಾಗಕ್ಕೆ. ಕುಡಿತದಿಂದ ಲಿವರ್ ಹಾಳಾಗಿ ಮೊದ್ಲೇ ಹೊಟ್ಟೇಲಿ ನೀರಿರೋರು ಬಿದ್ದು ಬಂದ್ರೆ ಕಪ್ಪು ಕಾಣೋದು ರಕ್ತವೋ ಹಳೇ ನೀರೋ ಸ್ಕ್ಯಾನಿಗೆ ಗೊತ್ತಾಗಲ್ಲ, ಸೂಜಿ ಹಾಕಿ ಸ್ವಲ್ಪ ತೆಗೆದು ನೋಡ್ಬೇಕು.

ಡೆಂಗ್ಯೂ ಸೀಸನ್ನಲ್ಲಿ ಎಲ್ರೂ ಪ್ಲೇಟ್‌ಲೆಟ್ ಕೌಂಟ್ ಹಿಂದೆ ಬೀಳ್ತಾರೆ, ಮನೆಯವ್ರೂ ಅದನ್ನೇ ಕೇಳ್ತಾರೆ. ನಿಜವಾಗಿ ಜೀವಕ್ಕೆ ಕುತ್ತು ತರೋದು ರಕ್ತನಾಳದಿಂದ ಪ್ಲಾಸ್ಮಾ (ರಕ್ತದ ನೀರಿನ ಭಾಗ) ಸೋರೋದು, ಅದೂ ಜ್ವರ ಇಳಿಯೋ ಹೊತ್ತಲ್ಲಿ, ಮೂರರಿಂದ ಏಳನೇ ದಿನದ ಒಳಗೆ. ಗಾಲ್‌ಬ್ಲಾಡರ್ (ಪಿತ್ತಕೋಶ) ಗೋಡೆ 3 ಮಿಲಿಮೀಟರ್‌ಗಿಂತ ದಪ್ಪ ಆಗಿರೋದು, ಬಲಗಡೆ ಎದೆಗೂಡಲ್ಲಿ ತೆಳ್ಳಗೆ ನೀರು, ಲಿವರ್ ಕಿಡ್ನಿ ಮಧ್ಯೆ ಒಂದು ಕಪ್ಪು ಗೆರೆ, ಇವು ಸೋರಿಕೆ ಶುರುವಾಗಿದೆ ಅಂತ ಹೇಳ್ತವೆ, ಎಷ್ಟೋ ಸಲ ಪೇಶೆಂಟ್ "ಜ್ವರ ಬಿಟ್ಟಿದೆ, ಮನೆಗೆ ಹೋಗ್ತೀನಿ" ಅನ್ನೋ ದಿನಾನೇ. ಊಟ ಮಾಡಿದ ಮೇಲೆ ಗಾಲ್‌ಬ್ಲಾಡರ್ ಕುಗ್ಗಿ ಗೋಡೆ ದಪ್ಪ ಕಾಣುತ್ತೆ, ಲಿವರ್ ಕಾಯಿಲೇಲೂ ದಪ್ಪ ಇರುತ್ತೆ, ಅದನ್ನ ಕೇಳ್ಕೊಂಡು ನೋಡಿ. ದಿನಾ ಒಂದ್ಸಲ ಅದೇ ಮೂರು ಜಾಗ ನೋಡಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಪಕ್ಕದಲ್ಲೇ ಬರೆದಿಟ್ರೆ ಯಾರನ್ನ ಮನೆಗೆ ಕಳ್ಸಬಾರ್ದು ಅಂತ ಚಾರ್ಟೇ ಹೇಳುತ್ತೆ.

ಮೂತ್ರ ಬರ್ತಿಲ್ಲ ಅನ್ನೋರಿಗೆ ಮೂತ್ರಕೋಶದ ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 0.52ರಿಂದ ಗುಣಿಸಿದ್ರೆ ಎಷ್ಟು ಮಿಲಿ ಅಂತ ಗೊತ್ತಾಗುತ್ತೆ. ತುಂಬಿದ್ರೆ ಕ್ಯಾಥಿಟರ್, ಖಾಲಿ ಇದ್ರೆ ಕಿಡ್ನಿ ಕಡೆ ನೋಡಿ.

ಕಾಲು

ಒಂದೇ ಕಾಲು ಊದಿ ಬಂದ್ರೆ ಲೀನಿಯರ್ ಪ್ರೋಬನ್ನ ತೊಡೆ ಸಂದಿಯಲ್ಲಿ ಅಡ್ಡ ಇಟ್ಟು ನೇರ ಕೆಳಗೆ ಒತ್ತಿ. ವೇನಿನ ಎರಡೂ ಗೋಡೆ ಪೂರ್ತಿ ಮುಚ್ಕೊಳ್ಬೇಕು. ಪಕ್ಕದ ಆರ್ಟರಿ (ಹಾರ್ಟಿಂದ ರಕ್ತ ತರೋ ನಾಳ) ಆಕಾರ ಕೆಡೋಷ್ಟು ಒತ್ತಿದ್ರೂ ವೇನ್ ಮುಚ್ಚದೇ ಇದ್ರೆ ಕ್ಲಾಟ್, ಒಳಗೆ ಬೂದು ಬಣ್ಣ ಕಾಣ್ಲಿ ಬಿಡ್ಲಿ. ಒಂದೊಂದು ಸೆಂಟಿಮೀಟರ್ ಸರಿಸ್ತಾ ಸಫೀನಸ್ (ಕಾಲಿನ ಚರ್ಮದ ಕೆಳಗಿನ ಉದ್ದ ವೇನ್) ಸೇರೋ ಜಾಗದಿಂದ ಸ್ವಲ್ಪ ಕೆಳಗಿನವರ್ಗೂ ಹೋಗಿ, ಆಮೇಲೆ ಮಂಡಿ ಹಿಂದೆ. ಮಂಡಿ ಹಿಂದೆ ವೇನ್ ಆರ್ಟರಿಗಿಂತ ಮೇಲೆ, ಪ್ರೋಬಿಗೆ ಹತ್ರ ಇರುತ್ತೆ, ಕೈ ಭಾರ ಬಿಟ್ರೆ ಅದು ಮುಚ್ಕೊಂಡು ಕಾಣ್ದೇ ಹೋಗುತ್ತೆ, ಹಗುರ ಹಿಡೀರಿ. ನೆಗೆಟಿವ್ ಆಗಿ ಅನುಮಾನ ಇನ್ನೂ ಇದ್ರೆ ಒಂದು ವಾರದಲ್ಲಿ ಮತ್ತೆ ನೋಡ್ಬೇಕು, ಮೀನಖಂಡದ ಕ್ಲಾಟ್ ಮೇಲೇರಿರ್ಬೋದು.

ಬರೆಯೋದು, ಫೋನ್ ಮಾಡೋದು, ಕಲಿಯೋದು

ಕೇಸ್‌ಶೀಟಲ್ಲಿ "ಸ್ಕ್ಯಾನ್ ನಾರ್ಮಲ್" ಅಂತ ಬರೀಲೇಬೇಡಿ. ಏನ್ ಕೇಳ್ದೆ, ಎಲ್ಲೆಲ್ಲಿ ನೋಡ್ದೆ, ಏನ್ ಕಂಡೆ, ಏನ್ ನೋಡೋಕಾಗ್ಲಿಲ್ಲ, ಸಮಯ ಎಷ್ಟು, ಇಷ್ಟೂ ಬರೀರಿ. "ರಾತ್ರಿ 2.10, ಉಸಿರಾಟಕ್ಕೆ ಸೀಮಿತ ಬೆಡ್‌ಸೈಡ್ ಸ್ಕ್ಯಾನ್, ಎರಡೂ ಕಡೆ ಮುಂದೆ ಬಿ ಲೈನ್, ಬಲಗಡೆ ಸ್ವಲ್ಪ ನೀರು, ಪೆರಿಕಾರ್ಡಿಯಲ್ ನೀರು ಇಲ್ಲ, ಪಂಪ್ ಕಮ್ಮಿ, ಬಲ ವೆಂಟ್ರಿಕಲ್ ಸರಿಯಾಗಿ ಕಾಣಲಿಲ್ಲ, ಎಕೋ ಬೇಕು." ಮುಂದಿನ ಆಸ್ಪತ್ರೆಯವ್ರಿಗೆ ಫೋನಲ್ಲೂ ಇದನ್ನೇ ಓದಿ, ಆಂಬುಲೆನ್ಸ್ ಕುಶಾಲನಗರ ದಾಟೋ ಹೊತ್ತಿಗೆ ಅಲ್ಲಿ ತಯಾರಿ ಆಗಿರುತ್ತೆ. ಕ್ಲಿಪ್ ಸೇವ್ ಮಾಡಿ, ಆದ್ರೆ ಪೇಶೆಂಟ್ ಹೆಸರಿರೋ ಕ್ಲಿಪ್ಪನ್ನ ವಾಟ್ಸಾಪ್ ಗುಂಪಿಗೆ ಹಾಕ್ಬೇಡಿ.

ಕಲಿಯೋಕೆ ಅಮೆರಿಕದ ಎಮರ್ಜೆನ್ಸಿ ವೈದ್ಯರ ಸಂಘ ಒಂದೊಂದು ಥರದ ಸ್ಕ್ಯಾನಿಗೆ 25ರಿಂದ 50 ಬಾರಿ, ಗೊತ್ತಿರೋರು ಪರಿಶೀಲಿಸಿದ್ದು, ಆಗ್ಬೇಕು ಅನ್ನುತ್ತೆ. ಎಲ್ಲಾನೂ ಒಟ್ಟಿಗೆ ಶುರು ಮಾಡ್ಬೇಡಿ. ಮೊದ್ಲು ಲಂಗ್ಸ್ ಮತ್ತು ಎದೆ ನೀರು, ಅದೂ ಎಕ್ಸ್‌ರೇ ಆಗಿರೋ ಪೇಶೆಂಟ್‌ಗಳಲ್ಲಿ, ಎಕ್ಸ್‌ರೇ ನೋಡೋಕೆ ಮುಂಚೆ ನಿಮ್ಮ ಉತ್ತರ ಬರ್ದಿಟ್ಟು ಆಮೇಲೆ ಹೋಲಿಸಿ. ಅದು ಕೈಗೆ ಹತ್ತಿದ ಮೇಲೆ ಮೂತ್ರಕೋಶ, ಫಾಸ್ಟ್, ಕಾಲು, ಕೊನೇಲಿ ಹಾರ್ಟ್. ಮಡಿಕೇರಿ ಮೆಡಿಕಲ್ ಕಾಲೇಜಿಗೆ ಕಳ್ಸಿದ ಪೇಶೆಂಟಿನ ಸಿಟಿ, ಎಕೋ ರಿಪೋರ್ಟ್ ಏನ್ ಬಂತು ಅಂತ ಮಾರನೇ ದಿನ ಕೇಳಿ ತಿಳ್ಕೊಂಡು ನಿಮ್ಮ ಪುಸ್ತಕದಲ್ಲಿ ಪಕ್ಕದಲ್ಲೇ ಬರೀರಿ. ಡ್ಯೂಟಿ ಬಿಡೋ ಮುಂಚೆ ಪ್ರೋಬ್ ಒರೆಸಿ, ಒಣಗಿದ ಡಬ್ಬೀಲಿ ಇಟ್ಟು, ಚಾರ್ಜಿಗೆ ಹಾಕಿ, ಮುಂದಿನ ಡ್ಯೂಟಿಯವ್ರಿಗೆ ಕೈಯಾರೆ ಒಪ್ಸಿ ಹೋಗಿ.